ತೋಟದ ಕಂಪ್ಯೂಟರು ದೂರದಿಂದ ಸಿಗದಿದ್ದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಕ್ರಮ

ಹನಿ ನೀರಾವರಿ ಅಥವಾ ಹಸಿರುಮನೆ ಬೇಸಾಯ ಕೈಗೊಂಡಿರುವ ಹಲವು ರೈತರು ಇಂದು ಪಂಪ್‌ಹೌಸಿನಲ್ಲಿ ಒಂದು ಪುಟ್ಟ ಕಂಪ್ಯೂಟರನ್ನು ಇಟ್ಟುಕೊಂಡಿದ್ದಾರೆ. ಅಂಗೈಯಗಲದ ‘ರಾಸ್ಪ್‌ಬೆರಿ ಪೈ’ಯಂಥ ಈ ಯಂತ್ರವು ಮಣ್ಣಿನ ತೇವಾಂಶ, ತೊಟ್ಟಿಯ ನೀರಿನ ಮಟ್ಟ, ಹಸಿರುಮನೆಯ ಉಷ್ಣತೆ ಇವುಗಳನ್ನು ಅಳೆದು ಬರೆದಿಡುತ್ತದೆ; ಗೊತ್ತುಮಾಡಿದ ಹೊತ್ತಿಗೆ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ತೋಟ ಒಂದು ಕಡೆ, ವಾಸ ಇನ್ನೊಂದು ಕಡೆ ಇರುವವರಿಗೆ ಇದರ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಮನೆಯಿಂದಲೇ ಅದನ್ನು ತಲುಪಿ ನೋಡುವಂತಿರಬೇಕು. ಮೂರು ಫೇಸ್ ವಿದ್ಯುತ್ತು ಪಾಳಿಯ ಮೇಲೆ, ಅದೂ ಅನೇಕ ವೇಳೆ ರಾತ್ರಿ ಹೊತ್ತು ಬರುವ ಕಡೆಗಳಲ್ಲಿ ಇದು ಇನ್ನೂ ಮುಖ್ಯ.

ಒಂದು ದಿನ ಈ ಸಂಪರ್ಕ ಸಿಗದೇ ಹೋದರೆ ಬಹುಮಂದಿ ಮಾಡುವ ಮೊದಲ ಕೆಲಸವೆಂದರೆ ಫೈರ್‌ವಾಲನ್ನು ನಿಲ್ಲಿಸಿಬಿಡುವುದು, ಇಲ್ಲವೆ ರೂಟರಿನ ಎಲ್ಲ ದ್ವಾರಗಳನ್ನೂ ತೆರೆದಿಡುವುದು. ಬಂಡಿ ಒಳಗೆ ಬರಲಿಲ್ಲವೆಂದು ತೋಟದ ಬೇಲಿಯನ್ನೇ ಕಿತ್ತಂತೆ ಇದು. ಬಂಡಿಯೇನೋ ಬರಬಹುದು, ಹಿಂದೆಯೇ ದನಗಳೂ ಬರುತ್ತವೆ. ಬೆಳೆಗೆ ರೋಗ ತಗುಲಿದಾಗ ಲಕ್ಷಣ ನೋಡಿ ಕಾರಣ ತಿಳಿದು ಔಷಧಿ ಹಾಕುವಂತೆ, ಇಲ್ಲಿಯೂ ಲಕ್ಷಣಗಳಿವೆ. ಅವುಗಳನ್ನು ಓದಲು ಕಲಿತರೆ ದೋಷವಿರುವ ಜಾಗ ತಾನಾಗಿ ಗೊತ್ತಾಗುತ್ತದೆ.

ವ್ಯವಸ್ಥೆಯ ಪರಿಚಯ

ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ತಲುಪಲು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನಕ್ಕೆ ಎಸ್.ಎಸ್.ಎಚ್. ಎಂದು ಹೆಸರು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದು ಕೇಳಿದ ನಂತರ, ಅಲ್ಲಿನ ತಾತು ಯುಲೋನೆನ್ ಎಂಬುವರು ಇದನ್ನು ರೂಪಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್ ವಿಧಾನದಲ್ಲಿ ಗುಪ್ತಪದವು ಅಂಚೆ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತಿತ್ತು. ಎಸ್.ಎಸ್.ಎಚ್.ನಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಸಾಗುತ್ತದೆ.

ಪ್ರತಿ ಕಂಪ್ಯೂಟರಿಗೂ ಜಾಲದಲ್ಲಿ ಒಂದು ವಿಳಾಸವುಂಟು, ಇದು ಐ.ಪಿ. ವಿಳಾಸ. ಆ ವಿಳಾಸದಲ್ಲಿ ಬೇರೆ ಬೇರೆ ಕೆಲಸಗಳಿಗೆ 1ರಿಂದ 65,535ರವರೆಗೆ ಸಂಖ್ಯೆ ಹಾಕಿದ ದ್ವಾರಗಳಿವೆ, ಇವು ಪೋರ್ಟುಗಳು. ಎಸ್.ಎಸ್.ಎಚ್.ಗೆ ಗೊತ್ತುಮಾಡಿರುವುದು 22ನೆಯ ಪೋರ್ಟು.

ಫೈರ್‌ವಾಲ್ ಎಂದರೆ ಯಾವ ಪೋರ್ಟಿಗೆ ಯಾರು ಬರಬಹುದೆಂದು ತೀರ್ಮಾನಿಸುವ ಕಾವಲು. ಇದರ ಒಂದು ಗುಣವನ್ನು ಚೆನ್ನಾಗಿ ಗಮನದಲ್ಲಿಡಬೇಕು. ಒಳಗಿನಿಂದ ಹೊರಕ್ಕೆ ಹೊರಟ ಸಂಪರ್ಕವನ್ನು ಅದು ಸಾಮಾನ್ಯವಾಗಿ ತಡೆಯುವುದಿಲ್ಲ. ಆ ಸಂಪರ್ಕಕ್ಕೆ ಬಂದ ಉತ್ತರವನ್ನೂ ಗುರುತಿಟ್ಟುಕೊಂಡು ಒಳಗೆ ಬಿಡುತ್ತದೆ. ಹೊರಗಿನಿಂದ ತಾನಾಗಿ ಬಂದದ್ದನ್ನು ಮಾತ್ರ ನಿಲ್ಲಿಸುತ್ತದೆ. ಮುಂದೆ ಹೇಳುವ ಪರಿಹಾರವೆಲ್ಲ ಈ ಗುಣದ ಮೇಲೆಯೇ ನಿಂತಿದೆ.

ತೋಟದ ಕಂಪ್ಯೂಟರಿಗೂ ಮನೆಗೂ ನಡುವೆ ಇಂಥ ಕಾವಲು ಒಂದೇ ಇರುವುದಿಲ್ಲ. ಕಂಪ್ಯೂಟರಿನೊಳಗೆ ಒಂದು, ರೂಟರಿನಲ್ಲಿ ಒಂದು, ಸೇವೆ ಒದಗಿಸುವ ಕಂಪನಿಯ ಜಾಲದಲ್ಲಿ ಒಂದು, ಹೀಗೆ ಮೂರಾದರೂ ಇರುತ್ತವೆ.

ಲಕ್ಷಣಗಳು ಮತ್ತು ಕಾರಣಗಳು

ಸಂಪರ್ಕ ಸೋತಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅದನ್ನು ಓದದೆ ಅಳಿಸಬಾರದು. ಮುಖ್ಯವಾದ ಸಾಲುಗಳು ಹೀಗಿವೆ:

(1) ‘ಕನೆಕ್ಷನ್ ಟೈಮ್ಡ್ ಔಟ್’. ಬಹಳ ಹೊತ್ತು ಏನೂ ಆಗದೆ, ಕೊನೆಗೆ ಈ ಸಾಲು ಬರುತ್ತದೆ. ಕೂಗಿದರೂ ಯಾರೂ ಓಗೊಡಲಿಲ್ಲವೆಂದು ಇದರ ಅರ್ಥ. ತೋಟದಲ್ಲಿ ವಿದ್ಯುತ್ತಿಲ್ಲದಿರಬಹುದು, ವಿಳಾಸ ಬದಲಾಗಿರಬಹುದು, ಅಥವಾ ನಡುವಿನ ಯಾವುದೋ ಫೈರ್‌ವಾಲ್ ಮಾತಿಲ್ಲದೆ ತಡೆದಿರಬಹುದು.

(2) ‘ಕನೆಕ್ಷನ್ ರೆಫ್ಯೂಸ್ಡ್’. ಇದು ಕೂಡಲೇ ಬರುತ್ತದೆ. ಮೇಲಿನದಕ್ಕಿಂತ ಇದು ಒಳ್ಳೆಯ ಲಕ್ಷಣ. ಕೂಗು ಒಂದು ಯಂತ್ರವನ್ನು ಮುಟ್ಟಿದೆ, ಅದು ‘ಇಲ್ಲಿ ಆ ಕೆಲಸದವರು ಇಲ್ಲ’ ಎಂದು ಉತ್ತರ ಕೊಟ್ಟಿದೆ. ಎಸ್.ಎಸ್.ಎಚ್. ಸೇವೆ ಆರಂಭವಾಗಿಲ್ಲ, ಅಥವಾ ಪೋರ್ಟಿನ ಸಂಖ್ಯೆ ತಪ್ಪಿದೆ, ಇಲ್ಲವೆ ಉತ್ತರಿಸಿದ್ದು ಕಂಪ್ಯೂಟರಲ್ಲ, ರೂಟರು. ಕೆಲವು ಫೈರ್‌ವಾಲುಗಳೂ ಹೀಗೆ ಬಾಯಿಬಿಟ್ಟು ನಿರಾಕರಿಸುವುದುಂಟು. ಗುಪ್ತಪದವನ್ನು ಪದೇ ಪದೇ ತಪ್ಪಾಗಿ ಒತ್ತಿದವರನ್ನು ಸ್ವಲ್ಪ ಹೊತ್ತು ಹೊರಗಿಡುವ ಏರ್ಪಾಡಿದ್ದರೂ ಇದೇ ಲಕ್ಷಣ ಕಾಣಬಹುದು.

(3) ‘ಪರ್ಮಿಷನ್ ಡಿನೈಡ್’. ಬಾಗಿಲವರೆಗೆ ತಲುಪಿದ್ದಾಗಿದೆ, ಕೀಲಿ ಮಾತ್ರ ಹೊಂದುತ್ತಿಲ್ಲ. ಇಲ್ಲಿ ಫೈರ್‌ವಾಲಿನ ದೋಷ ಏನೂ ಇಲ್ಲ; ಅದನ್ನು ಮುಟ್ಟಲೇಬಾರದು. ಬಳಕೆದಾರರ ಹೆಸರು ಸರಿಯಿದೆಯೇ, ಸರಿಯಾದ ಕೀಲಿ ಕಡತವನ್ನು ಬಳಸಲಾಗಿದೆಯೇ ಎಂದು ನೋಡಬೇಕು. ಕೀಲಿಗಳಿರುವ ಕಡತವನ್ನು ಇತರರೂ ತಿದ್ದಬಹುದಾದ ಹಾಗೆ ಬಿಟ್ಟಿದ್ದರೆ, ಕೀಲಿ ಸರಿಯಿದ್ದರೂ ಯಂತ್ರ ಅದನ್ನು ಒಪ್ಪುವುದಿಲ್ಲ.

(4) ‘ಹೋಸ್ಟ್ ಕೀ ವೆರಿಫಿಕೇಷನ್ ಫೇಲ್ಡ್’. ಮೊದಲ ಸಲ ಕಂಡಾಗ ತೋಟದ ಯಂತ್ರದ ಗುರುತನ್ನು ಮನೆಯ ಯಂತ್ರ ಬರೆದಿಟ್ಟುಕೊಂಡಿರುತ್ತದೆ. ಈಗ ಆ ಗುರುತು ಹೊಂದುತ್ತಿಲ್ಲ. ಮೆಮೊರಿ ಕಾರ್ಡನ್ನು ಹೊಸದಾಗಿ ಸಿದ್ಧಪಡಿಸಿದ್ದರೆ, ಅಥವಾ ಅದೇ ವಿಳಾಸ ಬೇರೊಂದು ಯಂತ್ರಕ್ಕೆ ಹೋಗಿದ್ದರೆ ಹೀಗಾಗುವುದು ಸಹಜ. ಅಂಥ ಕಾರಣ ಯಾವುದೂ ಇಲ್ಲದಿದ್ದರೆ, ನಡುವೆ ಬೇರೆ ಯಾರೋ ತೋಟದ ಯಂತ್ರದ ವೇಷ ಹಾಕಿರಬಹುದು. ಹಳೆಯ ಗುರುತನ್ನು ಅಳಿಸುವ ಮೊದಲು ತೋಟಕ್ಕೆ ಹೋಗಿ ಗುರುತನ್ನು ತಾಳೆ ನೋಡತಕ್ಕದ್ದು.

(5) ‘ಬ್ರೋಕನ್ ಪೈಪ್’. ಸಂಪರ್ಕ ಸಿಕ್ಕಿ, ಸುಮ್ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಕಡಿದುಹೋಗುತ್ತದೆ. ಮಾತಿಲ್ಲದ ಸಂಪರ್ಕವನ್ನು ನಡುವಿನ ರೂಟರು ಮರೆತುಬಿಡುವುದು ಇದಕ್ಕೆ ಸಾಮಾನ್ಯ ಕಾರಣ. ಆಗಾಗ ಒಂದು ಚಿಕ್ಕ ಸಂದೇಶ ಕಳಿಸುತ್ತಿರುವಂತೆ ಮಾಡಿದರೆ ಸರಿಹೋಗುತ್ತದೆ.

ಪರೀಕ್ಷೆಯ ಕ್ರಮ

ಕಾಲುವೆಯ ತುದಿಗೆ ನೀರು ಬರದಿದ್ದರೆ ಮೂಲದಿಂದ ಒಂದೊಂದೇ ತೂಬು ನೋಡಿಕೊಂಡು ಬರುತ್ತೇವೆ. ಇಲ್ಲಿಯೂ ಕಂಪ್ಯೂಟರಿನಿಂದ ಆರಂಭಿಸಿ ಹೊರಕ್ಕೆ ಬರಬೇಕು. ಒಂದು ಹಂತ ಸರಿಯಾಗುವವರೆಗೆ ಮುಂದಿನದಕ್ಕೆ ಕೈಹಾಕಬಾರದು. ಕೆಳಗಿನ ಆದೇಶಗಳನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು.

ಮೊದಲನೆಯ ಹಂತ: ಯಂತ್ರದಲ್ಲಿಯೇ. ವಿದ್ಯುತ್ತು ಇದೆಯೇ, ಯಂತ್ರ ಎದ್ದಿದೆಯೇ ನೋಡಿ. ಪದೇ ಪದೇ ವಿದ್ಯುತ್ತು ಹೋಗುವ ಕಡೆ ಮೆಮೊರಿ ಕಾರ್ಡು ಕೆಡುವುದುಂಟು. ಆಗ ಕೆಂಪು ದೀಪ ಉರಿದರೂ ಯಂತ್ರ ಏಳುವುದಿಲ್ಲ. ಎದ್ದಿದ್ದರೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಸ್‌ಎಸ್‌ಎಚ್’ ಎಂಬ ಆದೇಶ ಕೊಡಿ. ‘ಆಕ್ಟಿವ್’ ಎಂದು ಬಂದರೆ ಸೇವೆ ನಡೆಯುತ್ತಿದೆ. ರಾಸ್ಪ್‌ಬೆರಿ ಪೈ ತಂತ್ರಾಂಶದಲ್ಲಿ 2016ರ ನವೆಂಬರಿನಿಂದ ಈ ಸೇವೆಯನ್ನು ಆರಂಭದಲ್ಲಿ ನಿಲ್ಲಿಸಿಯೇ ಕೊಡುತ್ತಾರೆ. ಕಾರ್ಡು ಬದಲಿಸಿದವರು ಇದನ್ನು ಮರೆಯುವುದೇ ಹೆಚ್ಚು.

ಎರಡನೆಯ ಹಂತ: ತೋಟದ ವೈಫೈಯೊಳಗೆ. ಫೋನನ್ನು ಅದೇ ರೂಟರಿಗೆ ಸೇರಿಸಿ, 192.168ರಿಂದ ಆರಂಭವಾಗುವ ಒಳವಿಳಾಸಕ್ಕೆ ಎಸ್.ಎಸ್.ಎಚ್. ಮಾಡಿ. ಇಲ್ಲಿ ಸಿಗದಿದ್ದರೆ ದೋಷ ಬಹುತೇಕ ಕಂಪ್ಯೂಟರಿನಲ್ಲಿ, ಅದರ ಸ್ವಂತ ಫೈರ್‌ವಾಲಿನಲ್ಲಿ ಅಥವಾ ವಿಳಾಸದಲ್ಲಿ ಇದೆ. ವಿದ್ಯುತ್ತು ಹೋಗಿ ಬಂದಾಗ ರೂಟರು ಹೊಸ ಒಳವಿಳಾಸ ಕೊಡುವುದು ಸಾಮಾನ್ಯ. ಆ ಕಂಪ್ಯೂಟರಿಗೆ ಯಾವಾಗಲೂ ಒಂದೇ ವಿಳಾಸ ಕೊಡುವಂತೆ ರೂಟರಿನಲ್ಲಿ ಕಾಯ್ದಿರಿಸುವುದು ಶಾಶ್ವತ ಪರಿಹಾರ.

ಮೂರನೆಯ ಹಂತ: ಹೊರಗಿನಿಂದ. ಈ ಪರೀಕ್ಷೆಗೆ ಮುನ್ನ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದ ಮೂಲಕವೇ ಹೋಗಬೇಕು. ತೋಟದ ವೈಫೈಯಲ್ಲಿ ಕುಳಿತು ತೋಟದ ಹೊರವಿಳಾಸವನ್ನು ಕರೆದರೆ ಹಲವು ರೂಟರುಗಳು ಆ ಕರೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಸರಿಯಿರುವ ಏರ್ಪಾಡೂ ಕೆಟ್ಟಂತೆ ತೋರಿ, ಇಡೀ ದಿನ ವ್ಯರ್ಥವಾಗುತ್ತದೆ.

ಸೋತ ಹಂತ ಯಾವುದೇ ಆಗಲಿ, ‘ಎಸ್‌ಎಸ್‌ಎಚ್’ ಆದೇಶಕ್ಕೆ ‘-ವಿ’ ಎಂದು ಸೇರಿಸಿದರೆ ಎಲ್ಲಿಯವರೆಗೆ ಹೋಗಿ ನಿಂತಿತೆಂದು ಯಂತ್ರ ಸಾಲು ಸಾಲಾಗಿ ತಿಳಿಸುತ್ತದೆ.

ಸಿಮ್ ಕಾರ್ಡಿನ ತೊಡಕು

ಮೊದಲೆರಡು ಹಂತಗಳು ಸರಿಯಿದ್ದು ಮೂರನೆಯದು ಮಾತ್ರ ಸೋತರೆ, ತೋಟದ ರೂಟರು ಸಿಮ್ ಕಾರ್ಡಿನ ಮೇಲೆ ನಡೆಯುತ್ತಿದೆಯೇ ಎಂದು ಗಮನಿಸಬೇಕು. ಹಳೆಯ ಬಗೆಯ ಐ.ಪಿ. ವಿಳಾಸಗಳು ಪ್ರಪಂಚಕ್ಕೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. ಹಂಚದೆ ಉಳಿದಿದ್ದ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು. ಆದಕಾರಣ ಮೊಬೈಲ್ ಕಂಪನಿಗಳು ಒಂದೇ ಹೊರವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿ ಕೊಡುತ್ತವೆ. ಒಂದೇ ವಠಾರಕ್ಕೆ ಒಂದೇ ಬೀದಿಬಾಗಿಲು ಇದ್ದಂತೆ. ಹೊರಗಿನಿಂದ ಬಂದ ಕರೆ ಯಾವ ಮನೆಗೆಂದು ಬಾಗಿಲಿಗೆ ತಿಳಿಯದು.

ಇದನ್ನು ಗುರುತಿಸುವುದು ಸುಲಭ. ರೂಟರಿನ ಪುಟದಲ್ಲಿ ಅದಕ್ಕೆ ಸಿಕ್ಕಿರುವ ಹೊರವಿಳಾಸವನ್ನು ಬರೆದುಕೊಳ್ಳಿ. ಅಂತರಜಾಲದಲ್ಲಿ ‘ನನ್ನ ಐ.ಪಿ. ವಿಳಾಸ’ ತೋರಿಸುವ ಯಾವುದಾದರೂ ತಾಣವನ್ನು ಅದೇ ವೈಫೈಯಿಂದ ನೋಡಿ. ಎರಡೂ ಬೇರೆ ಬೇರೆಯಿದ್ದರೆ, ಅಥವಾ ರೂಟರಿನ ವಿಳಾಸವು 10ರಿಂದ ಇಲ್ಲವೆ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಆರಂಭವಾಗಿದ್ದರೆ, ನೀವು ಹಂಚಿಕೆಯ ವಿಳಾಸದಲ್ಲಿದ್ದೀರಿ. ಆಗ ತೋಟದ ರೂಟರಿನಲ್ಲಿ ಎಷ್ಟು ಪೋರ್ಟು ತೆರೆದರೂ ಪ್ರಯೋಜನವಿಲ್ಲ; ತಡೆ ಇರುವುದು ಕಂಪನಿಯ ಕಡೆ.

ಪರಿಹಾರ: ಒಳಗಿನಿಂದ ಹೊರಕ್ಕೆ ಸುರಂಗ

ಫೈರ್‌ವಾಲ್ ಒಳಗಿನಿಂದ ಹೊರಟದ್ದನ್ನು ತಡೆಯದು ಎಂದು ಮೊದಲೇ ಹೇಳಿದೆ. ಆದ್ದರಿಂದ ಮನೆಯವರು ತೋಟವನ್ನು ಕರೆಯುವ ಬದಲು ತೋಟದ ಕಂಪ್ಯೂಟರೇ ಹೊರಗೆ ಹೋಗಿ ಕಾದಿರುವಂತೆ ಮಾಡುವುದು ಉತ್ತಮ ಮಾರ್ಗ. ಇದರಿಂದ ತೋಟದ ಕಡೆ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಬೇಲಿ ಹಾಗೆಯೇ ಇರುತ್ತದೆ. ಇದಕ್ಕೆ ಎರಡು ವಿಧಾನಗಳಿವೆ.

(ಅ) ಹಿಮ್ಮುಖ ಸುರಂಗ. ಬಾಡಿಗೆಗೆ ಸಿಗುವ, ಸ್ವಂತ ಹೊರವಿಳಾಸವಿರುವ ಒಂದು ಚಿಕ್ಕ ಸರ್ವರನ್ನು ಗೊತ್ತುಮಾಡಿಕೊಳ್ಳಬೇಕು. ತೋಟದ ಕಂಪ್ಯೂಟರು ಆ ಸರ್ವರಿಗೆ ಎಸ್.ಎಸ್.ಎಚ್. ಸಂಪರ್ಕ ಮಾಡುವಾಗ ‘-ಆರ್ 2222:ಲೋಕಲ್‌ಹೋಸ್ಟ್:22’ ಎಂದು ಸೇರಿಸಬೇಕು. ಇಲ್ಲಿ ‘ಆರ್’ ಮಾತ್ರ ದೊಡ್ಡ ಅಕ್ಷರ. ಸರ್ವರಿನ 2222ನೆಯ ಪೋರ್ಟಿಗೆ ಬಂದದ್ದನ್ನು ತೋಟದ 22ನೆಯ ಪೋರ್ಟಿಗೆ ತಲುಪಿಸು ಎಂದು ಇದರ ಅರ್ಥ.

ಈ ವಿಧಾನದಲ್ಲಿ ಮೂರು ಕಡೆ ಎಡವುವುದು ಹೆಚ್ಚು. ಮೊದಲನೆಯದಾಗಿ, 2222ನೆಯ ಪೋರ್ಟು ಸಾಮಾನ್ಯವಾಗಿ ಸರ್ವರಿನ ಒಳಗೆ ಮಾತ್ರ ತೆರೆದಿರುತ್ತದೆ. ಮನೆಯಿಂದ ನೇರವಾಗಿ ಅದನ್ನು ಕರೆದರೆ ನಿರಾಕರಣೆಯೇ ಬರುತ್ತದೆ. ಇದು ದೋಷವಲ್ಲ, ರಕ್ಷಣೆ. ಮೊದಲು ಸರ್ವರಿಗೆ ಹೋಗಿ, ಅಲ್ಲಿಂದ ತೋಟಕ್ಕೆ ಹೋಗಬೇಕು. ಎರಡನೆಯದಾಗಿ, ಸಿಮ್ ಸಂಪರ್ಕ ತಟಕ್ಕನೆ ಕಡಿದರೆ ಹಳೆಯ ಸುರಂಗ ಸತ್ತದ್ದು ಸರ್ವರಿಗೆ ಕೂಡಲೇ ತಿಳಿಯದು. ಸತ್ತ ಸುರಂಗ 2222ನ್ನು ಹಿಡಿದೇ ಇರುತ್ತದೆ. ಹೊಸ ಸುರಂಗಕ್ಕೆ ಜಾಗ ಸಿಗದು. ಸರ್ವರಿನಲ್ಲಿ ‘ಕ್ಲೈಂಟ್ ಅಲೈವ್ ಇಂಟರ್ವಲ್’, ತೋಟದ ಯಂತ್ರದಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ ಎಂಬ ಅಂಶಗಳನ್ನು 30 ಸೆಕೆಂಡಿಗೆ ಹಾಕಿದರೆ, ಮೂರು ಸಲ ಉತ್ತರ ಬಾರದಾಗ, ಅಂದರೆ ಸುಮಾರು ಒಂದೂವರೆ ನಿಮಿಷದಲ್ಲಿ, ಸತ್ತ ಸುರಂಗ ತೆರವಾಗುತ್ತದೆ. ‘ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್’ ಎಂಬುದನ್ನೂ ‘ಎಸ್’ ಎಂದಿಟ್ಟು, ಸುರಂಗವನ್ನು ತಾನಾಗಿ ಮತ್ತೆ ಎಬ್ಬಿಸುವ ‘ಆಟೋಎಸ್‌ಎಸ್‌ಎಚ್’ ಪ್ರೋಗ್ರಾಮನ್ನು ಅಳವಡಿಸಬೇಕು. ಈ ಹೆಸರುಗಳನ್ನು ಯಂತ್ರದಲ್ಲಿ ನಡುವೆ ತೆರಪಿಲ್ಲದೆ ಒಂದೇ ಪದವಾಗಿ ಬರೆಯತಕ್ಕದ್ದು. ಮೂರನೆಯದಾಗಿ, ಬಾಡಿಗೆ ಸರ್ವರುಗಳಿಗೆ ಅವುಗಳ ಒಳಗಿನ ಫೈರ್‌ವಾಲಲ್ಲದೆ, ಬಾಡಿಗೆ ಕೊಟ್ಟವರ ನಿಯಂತ್ರಣ ಪುಟದಲ್ಲಿ ಇನ್ನೊಂದು ಫೈರ್‌ವಾಲೂ ಇರುವುದುಂಟು. ಎರಡರಲ್ಲೂ 22ಕ್ಕೆ ಅನುಮತಿ ಇರಬೇಕು.

ಪಂಪ್‌ಹೌಸಿನ ಕಂಪ್ಯೂಟರು ಕಳುವಾಗುವ ಸಂಭವವೂ ಇದೆ. ಅದರೊಂದಿಗೆ ಸರ್ವರಿನ ಕೀಲಿಯೂ ಹೋಗುತ್ತದೆ. ಆದಕಾರಣ ಆ ಕೀಲಿಗೆ ಸುರಂಗ ಹೂಡುವುದನ್ನು ಬಿಟ್ಟು ಬೇರೆ ಯಾವ ಅಧಿಕಾರವನ್ನೂ ಕೊಡಬಾರದು. ಕಳುವಾದ ಕೂಡಲೇ ಸರ್ವರಿನಿಂದ ಆ ಕೀಲಿಯನ್ನು ಅಳಿಸಬೇಕು.

(ಆ) ವೈರ್‌ಗಾರ್ಡ್. ಇದು ಖಾಸಗಿ ಜಾಲವನ್ನು ಕಟ್ಟುವ ಪ್ರೋಗ್ರಾಮು. 2020ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ 5.6ನೆಯ ಆವೃತ್ತಿಯಿಂದ ಲಿನಕ್ಸಿನ ಭಾಗವಾಗಿಯೇ ದೊರೆಯುತ್ತದೆ. ಮನೆ, ತೋಟ, ಫೋನು ಮೂರನ್ನೂ ಸರ್ವರಿನ ಮೂಲಕ ಒಂದೇ ಜಾಲಕ್ಕೆ ಸೇರಿಸಬಹುದು. ತೋಟದ ಕಡೆ 25 ಸೆಕೆಂಡಿಗೊಮ್ಮೆ ಸಂದೇಶ ಕಳಿಸುವ ಏರ್ಪಾಡು ಮಾಡಿದರೆ ಹಾದಿ ತೆರೆದೇ ಇರುತ್ತದೆ.

ವೈರ್‌ಗಾರ್ಡಿನ ದೋಷ ಹುಡುಕುವುದು ಸ್ವಲ್ಪ ಕಷ್ಟ. ಕೀಲಿ ಹೊಂದದಿದ್ದರೆ ಅದು ನಿರಾಕರಿಸುವುದೂ ಇಲ್ಲ, ಮೌನವಾಗಿರುತ್ತದೆ. ‘ಡಬ್ಲ್ಯುಜಿ’ ಎಂಬ ಆದೇಶ ಕೊಟ್ಟು, ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಎಂಬ ಸಾಲಿನಲ್ಲಿ ಕಳೆದ ಎರಡು ಮೂರು ನಿಮಿಷದ ಲೆಕ್ಕ ಇದೆಯೇ ನೋಡಬೇಕು. ಆ ಸಾಲೇ ಇಲ್ಲದಿದ್ದರೆ ಕೀಲಿ, ವಿಳಾಸ, ಪೋರ್ಟು ಇವುಗಳಲ್ಲಿ ಒಂದು ತಪ್ಪಿದೆ.

ವಿದ್ಯುತ್ತು ಹೋಗಿ ಬಂದ ಮೇಲೆ ವೈರ್‌ಗಾರ್ಡ್ ಸೇರದಿರಲು ಗಡಿಯಾರವೂ ಕಾರಣವಾಗಬಹುದು. ರಾಸ್ಪ್‌ಬೆರಿ ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ವಿದ್ಯುತ್ತಿಲ್ಲದಾಗಲೂ ನಡೆಯುವ ಗಡಿಯಾರವಿಲ್ಲ. ಎದ್ದಾಗ ಅದು ಹಿಂದಿನ ಸಮಯವನ್ನೇ ಹಿಡಿದಿರುತ್ತದೆ. ಹಿಂದಿನ ಸಮಯದ ಮೊಹರು ಇರುವ ಸಂದೇಶವನ್ನು ಯಾರೋ ಹಳೆಯದನ್ನು ಕದ್ದು ಮತ್ತೆ ಕಳಿಸಿದ್ದಾರೆಂದು ಬಗೆದು ಸರ್ವರು ತಿರಸ್ಕರಿಸುತ್ತದೆ. ಅಂತರಜಾಲದಿಂದ ಸಮಯ ಸರಿಪಡಿಸಿಕೊಂಡ ನಂತರವೇ ವೈರ್‌ಗಾರ್ಡ್ ಆರಂಭವಾಗುವಂತೆ ಮಾಡಬೇಕು, ಅಥವಾ ಒಂದು ಗಡಿಯಾರದ ಬಿಲ್ಲೆಯನ್ನು ಜೋಡಿಸಬೇಕು.

ಮಾಡಬಾರದ ಕೆಲಸಗಳು

ಫೈರ್‌ವಾಲನ್ನು ‘ಪರೀಕ್ಷೆಗೆಂದು’ ನಿಲ್ಲಿಸಿ ಮರೆಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮು, ಕಾರ್ಖಾನೆಯ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಕ್ಯಾಮೆರಾ, ರೂಟರುಗಳನ್ನು ಹುಡುಕಿ, ಸುಮಾರು 60 ಸಾಮಾನ್ಯ ಹೆಸರು-ಗುಪ್ತಪದಗಳನ್ನು ಒತ್ತಿ ನೋಡಿಯೇ ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. ಅಂಥ ಯಂತ್ರಗಳ ದಾಳಿಯಿಂದ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಹಲವು ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗದಾದವು. ಹುಡುಕುವ ಈ ಕೆಲಸವನ್ನು ಮನುಷ್ಯರು ಮಾಡುವುದಿಲ್ಲ, ಯಂತ್ರಗಳು ಹಗಲಿರುಳೂ ಮಾಡುತ್ತವೆ. ‘ನನ್ನ ತೋಟ ಯಾರಿಗೆ ಗೊತ್ತು’ ಎಂದು ಸುಮ್ಮನಿರುವಂತಿಲ್ಲ.

22ರ ಬದಲು ಬೇರೆ ಪೋರ್ಟು ಇಟ್ಟರೆ ಸಾಕೆಂಬ ಭಾವನೆಯೂ ಸರಿಯಲ್ಲ. ಬಾಗಿಲನ್ನು ಹಿತ್ತಲಿಗೆ ಸರಿಸಿದ ಮಾತ್ರಕ್ಕೆ ಬೀಗ ಬೇಡವೆಂದಾಗದು. ಗುಪ್ತಪದದ ಪ್ರವೇಶ ನಿಲ್ಲಿಸಿ, ಕೀಲಿ ಕಡತದ ಪ್ರವೇಶ ಮಾತ್ರ ಇರಿಸಬೇಕು.

ದೂರದಿಂದ ಫೈರ್‌ವಾಲಿನ ನಿಯಮ ತಿದ್ದುವಾಗ, ಕುಳಿತ ಕೊಂಬೆಯನ್ನೇ ಕಡಿದುಕೊಳ್ಳುವ ಸಂಭವವುಂಟು. ಮೊದಲು 22ಕ್ಕೆ ಅನುಮತಿ ಕೊಟ್ಟು ಆಮೇಲೆ ಫೈರ್‌ವಾಲನ್ನು ಆರಂಭಿಸಬೇಕು. ಇರುವ ಸಂಪರ್ಕವನ್ನು ಮುಚ್ಚದೆ, ಎರಡನೆಯ ಕಿಟಕಿಯಲ್ಲಿ ಹೊಸ ಸಂಪರ್ಕ ಮಾಡಿ ನೋಡಿ, ಅದು ಸಿಕ್ಕಿದ ಮೇಲೆ ಮಾತ್ರ ಹಳೆಯದನ್ನು ಬಿಡಬೇಕು.

ಮೋಟಾರಿನ ವಿಷಯದಲ್ಲಿ ಎಚ್ಚರಿಕೆ

ಸಂಪರ್ಕ ಎಷ್ಟೇ ಚೆನ್ನಾಗಿದ್ದರೂ ಒಂದಲ್ಲ ಒಂದು ದಿನ ಕಡಿಯುತ್ತದೆ. ಆದ್ದರಿಂದ ನೀರಿಲ್ಲದೆ ಓಡುವುದನ್ನು ತಡೆಯುವ ಸಾಧನ, ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಇವು ಸ್ಟಾರ್ಟರಿನಲ್ಲಿಯೇ ಇರಬೇಕು; ಕಂಪ್ಯೂಟರಿನ ಮೇಲೆ ಬಿಡಬಾರದು. ವಾಲ್ವು ತೆರೆಯುವ ಆದೇಶ ಕೊಡುವಾಗಲೇ ಮುಚ್ಚುವ ಸಮಯವನ್ನೂ ತೋಟದ ಯಂತ್ರಕ್ಕೆ ಒಪ್ಪಿಸಬೇಕು. ಸಂಪರ್ಕ ಕಡಿದರೂ ಅದು ತಾನೇ ಮುಚ್ಚುವಂತಿರಬೇಕು.

ದೂರದಿಂದ ಮೋಟಾರು ಚಾಲೂ ಮಾಡುವವರಿಗೆ ಪಂಪ್‌ಹೌಸಿನಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಪಂಪು ಅಥವಾ ತಂತಿ ಮುಟ್ಟುವ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ ಬೀಗ ಹಾಕಿ, ಕೀಲಿಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳತಕ್ಕದ್ದು. ಈ ಮಾತನ್ನು ಆಳುಕಾಳುಗಳಿಗೂ ಮನೆಮಂದಿಗೂ ತಿಳಿಸಿ ಹೇಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಪರದೆಯ ಸಾಲನ್ನು ಮೊದಲು ಓದಿ. ಮೌನವಾದರೆ ಹಾದಿಯ ದೋಷ, ನಿರಾಕರಣೆಯಾದರೆ ಹೆಚ್ಚಾಗಿ ಸೇವೆಯ ದೋಷ, ಅನುಮತಿ ಇಲ್ಲವೆಂದರೆ ಕೀಲಿಯ ದೋಷ.

2. ಯಂತ್ರ, ತೋಟದ ವೈಫೈ, ಹೊರಗು ಎಂಬ ಕ್ರಮದಲ್ಲಿಯೇ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ.

3. ಸಿಮ್ ಜಾಲದಲ್ಲಿದ್ದರೆ ಪೋರ್ಟು ತೆರೆಯುವ ಗೊಡವೆಗೆ ಹೋಗದೆ, ಒಳಗಿನಿಂದ ಹೊರಕ್ಕೆ ಸುರಂಗ ಹೂಡಿ.

4. ಯಂತ್ರದ ಒಳವಿಳಾಸ, ಬಳಕೆದಾರರ ಹೆಸರು, ಯಂತ್ರದ ಗುರುತು ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ. ಗುಪ್ತಪದವನ್ನು ಮಾತ್ರ ಪಂಪ್‌ಹೌಸಿನ ಗೋಡೆಗೆ ಅಂಟಿಸಬೇಡಿ.

5. ಎಲ್ಲ ಸರಿಯಿರುವಾಗಲೂ ತಿಂಗಳಿಗೊಮ್ಮೆ, ವಿದ್ಯುತ್ತು ತೆಗೆದು ಮತ್ತೆ ಕೊಟ್ಟು, ಯಂತ್ರ ತಾನಾಗಿ ಎದ್ದು ಸಂಪರ್ಕಕ್ಕೆ ಬರುವುದೇ ಎಂದು ನೋಡಿ. ತೆಗೆಯುವ ಮೊದಲು ಯಂತ್ರವನ್ನು ಕ್ರಮವಾಗಿ ಮುಚ್ಚಿ. ಬೇಸಗೆಯ ನಡುವೆ ಬೆಳೆ ಬಾಡುವಾಗ ಈ ಪರೀಕ್ಷೆ ಮಾಡುವುದಕ್ಕಿಂತ ಮಳೆಗಾಲದಲ್ಲಿ ಮಾಡಿಕೊಳ್ಳುವುದು ಲೇಸು.